ಮೊರಿತಾ ಸಾನ್ ಬೇಲಿಯ ಹೂವು

ಜೂನ್ 16, ಸೋಮವಾರ

ಒಪ್ಪತ್ತು. ಕಾಫಿಯೂ ಇಲ್ಲ. ಬೆಳಕು ಹರಿಯುವ ಮೊದಲೇ ಸ್ನಾನ. ಒದ್ದೆ ಬಟ್ಟೆ ಬಚ್ಚಲಲ್ಲೇ ಹರವಿ ಫ್ಯಾನ್ ಹಾಕಿದೆ. ಇಲ್ಲಿಯ ಮಳೆ ಸುರಿದು ಮುಗಿಸುವುದಿಲ್ಲ, ಹಗಲಿಡೀ ಗೊಣಗುತ್ತದೆ. ತಾರಾಗೆ ಗಂಜಿ ಕೊಟ್ಟೆ. ಮಗಳು ಏಳು ತಿಂಗಳ ಬಸುರಿ, ಹಾಸಿಗೆ ಬಿಟ್ಟು ಏಳಕೂಡದು ಅಂತ ಡಾಕ್ಟರು. ಅದಕ್ಕೇ ನಾನು ಜಪಾನಿನ ಈ ಇಚಿಕಾವಾಕ್ಕೆ ಬಂದದ್ದು.

ಕಸದ ದಿನ. ಚೀಲ ಇಟ್ಟು ಬರುವಾಗ ಮೂಲೆಮನೆಯ ಬೇಲಿಯಿಂದ ನೀಲಿ ಹೂವು ಬೀದಿಗೆ ಬಾಗಿತ್ತು. ಅಜಿಸಾಯಿ ಅಂತಾರಂತೆ. ಒಂದೊಂದು ಗೊಂಚಲೂ ಬೊಗಸೆ ತುಂಬ. ಮನೆಯಲ್ಲಿ ನಮ್ಮ ಶಿವನಿಗೆ ಪ್ಲಾಸ್ಟಿಕ್ ಹೂವು... ಮೂರು ಮುರಿದುಕೊಂಡೆ.

ಮೊಮ್ಮಗಳು ಅಮೂಲ್ಯ, ಒಂದನೇ ಕ್ಲಾಸು, ಹಲ್ಲುಜ್ಜುತ್ತ ನೋಡಿದಳು.

"ಅಜ್ಜೀ! ಅದು ಮೂಲೆಮನೆ ಮೊರಿತಾ ಸಾನ್‌ದು. ಯು ಕಾಂಟ್!"

"ಬೀದಿಗೆ ಬಾಗಿದ ಹೂವು ದೇವರದು ಕಣೇ. ಪೂಜೆ ನಮ್ದು, ಪುಣ್ಯ ಗಿಡದೋರ್ದು. ಅವ್ರಿಗೇ ಲಾಭ."

"ಹೌ?"

"ಹೌ ಗೀವ್ ಆಮೇಲೆ. ಬಾ, ಪ್ರಸಾದ ತಗೋ."

ಪೂಜೆ ಮುಗಿಸಿ ನಾಲ್ಕು ಎಸಳು ಅವಳ ಹಳದಿ ಸ್ಕೂಲ್ ಟೋಪಿಯೊಳಗೆ ಸಿಕ್ಕಿಸಿದೆ. ಊರಲ್ಲಿ ಪಕ್ಕದ ಶಾರದಾಳ ಮನೆ ದಾಸವಾಳ ನನ್ನ ದೇವರಿಗೆ, ನಮ್ಮನೆ ಕಣಗಿಲೆ ಅವಳ ದೇವರಿಗೆ. "ಹೂಗಳ್ಳಿ" ಅಂತ ಅವಳೂ ಕೂಗುತ್ತಿದ್ದಳು, ನಾನೂ ಕೂಗುತ್ತಿದ್ದೆ. ಮರುದಿನ ಮತ್ತೆ ಅದೇ.

ಜೂನ್ 19, ಗುರುವಾರ

ಇವತ್ತೂ ತಂದೆ. ಮಲಗಿದಲ್ಲಿಂದಲೇ ತಾರಾ ಕೇಳಿದಳು, "ಎಲ್ಲಿಂದಮ್ಮ ಹೂವು?"

"ಮಳೆಗೆ ಬಿದ್ದಿತ್ತು."

ಬಾಯಿಗೆ ಬಂದುಬಿಟ್ಟಿತು. ತಪ್ಪಲ್ಲ ಅಂದ ಮೇಲೆ ಸುಳ್ಳು ಯಾಕೆ ಬೇಕಿತ್ತು? ಅಮೂಲ್ಯ ನನ್ನ ಮುಖ ನೋಡಿದಳು. ಟೋಪಿ ತಾನೇ ಚಾಚಿದಳು, ಪ್ರಸಾದಕ್ಕೆ.

ಜೂನ್ 23, ಸೋಮವಾರ. ಸಂಜೆ

ಬರೆಯಲು ಕೈ ಬರುತ್ತಿಲ್ಲ.

ಸ್ಕೂಲಿಂದ ತಾರಾಗೆ ಫೋನ್. ಯಾರೋ ಮಕ್ಕಳು ಹೂವು ಮುರಿಯುತ್ತಿದ್ದಾರೆ ಅಂತ ಮೊರಿತಾ ಸಾನ್ ಸ್ಕೂಲಿಗೆ ಹೇಳಿದ್ದರಂತೆ. ಕ್ಲಾಸಲ್ಲಿ ಅಮೂಲ್ಯ ಟೋಪಿ ತೆಗೆದಾಗ ನೀಲಿ ಎಸಳು ಉದುರಿದವಂತೆ. ಟೀಚರು ಕೇಳಿದರೆ ಏನೂ ಹೇಳಲಿಲ್ಲವಂತೆ. ಅವರ ಜೊತೆ ಹೋಗಿ, ಮೊರಿತಾ ಸಾನ್ ಮುಂದೆ ಸೊಂಟ ಬಗ್ಗಿಸಿ ಗೊಮೆನ್ನಸಾಯಿ, ತಪ್ಪಾಯ್ತು, ಅಂದಳಂತೆ.

ನನ್ನ ಪ್ರಸಾದ.

ತಾರಾ ಅಂದಳು, "ಎಷ್ಟು ಮರ್ಯಾದೆಯಾಗಿದ್ವಿ ಈ ಬೀದೀಲಿ! ಕಳ್ಳತನ ಯಾರು ಕಲಿಸಿದ್ರೇ ನಿಂಗೆ? ಮಾತಾಡು!"

ಮಗು ಬಾಗಿಲ ಕಡೆ ನೋಡುತ್ತ ನಿಂತಿತ್ತು. ನಾನು ಒಲೆ ಮುಂದೆ. ಸಾರು ಉಕ್ಕಿತು, ಒರೆಸಿದೆ. ಒರೆಸಿದ್ದನ್ನೇ ಮತ್ತೆ ಒರೆಸಿದೆ. ತಿರುಗಿ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅಳಿಯ ಸುಪ್ರೀತ್ ಆಗಷ್ಟೇ ಬಂದು ಛತ್ರಿ ಮಡಿಸುತ್ತಿದ್ದರು. ಅಳಿಯನ ಮುಂದೆ ಹೂಗಳ್ಳಿ ಅನ್ನಿಸಿಕೊಳ್ಳುವುದಾ... ತಟ್ಟೆ ಜೋಡಿಸತೊಡಗಿದೆ.

ಒಪ್ಪತ್ತು ಬಿಡಲಿಲ್ಲ. ಇಂಥ ಹಸಿವು ಯಾವ ದೇವರಿಗೆ ಬೇಕು.

ಜೂನ್ 27, ಶುಕ್ರವಾರ

ಹೋದೆ. ಒಬ್ಬಳೇ. ಬೆಲ್ ಒತ್ತಿದೆ. ಮೊರಿತಾ ಸಾನ್ ನನಗಿಂತ ಹಿರಿಯರು, ಏಪ್ರನ್ ಕಟ್ಟಿಕೊಂಡೇ ಬಂದರು. ಕೈ ಮುಗಿದೆ. "ಸುಮಿಮಾಸೆನ್" ಅಂದೆ. ಹೂವು ತೋರಿಸಿದೆ. ಮತ್ತೆ ಸುಮಿಮಾಸೆನ್. ನನಗೆ ಬರುವುದು ಅದೊಂದೇ. ಇಲ್ಲಿ ರೈಲಲ್ಲಿ ದಾರಿ ಕೇಳಲೂ ಅದೇ, ಉಪಕಾರವಾಯ್ತು ಅನ್ನಲೂ ಅದೇ, ತಪ್ಪಾಯ್ತು ಅನ್ನಲೂ ಅದೇ.

ಅವರು ಅಂಗೈಯನ್ನು ಸೊಂಟದ ಮಟ್ಟಕ್ಕೆ ಹಿಡಿದು ತೋರಿಸಿದರು, ಇಷ್ಟೆತ್ತರದ ಮಗು. ಆಮೇಲೆ ಕೈಯಾಡಿಸಿದರು, ಹೋಗಲಿ ಬಿಡಿ ಅನ್ನುವಂತೆ. ಮೊಮ್ಮಗಳ ಪರವಾಗಿ ಬಂದಿದ್ದೇನೆ ಅಂದುಕೊಂಡಿದ್ದಾರೆ!

ಅಲ್ಲ, ಅಲ್ಲ, ನಾನು ಅಂತ ಎದೆ ತಟ್ಟಿಕೊಂಡೆ. ಹೂವು ಬೇಕು ಅಂತ ತಿಳಿದರೋ ಏನೋ. ಒಳಗೆ ಹೋಗಿ ಕತ್ತರಿ ತಂದರು. ಎರಡು ಗೊಂಚಲು ಕತ್ತರಿಸಿ, ಕಾಗದ ಸುತ್ತಿ, ಎರಡೂ ಕೈಯಲ್ಲಿ ಕೊಟ್ಟರು. ಕೊಡುವಾಗ ಅವರೇ ಬಗ್ಗಿದರು.

ಕದ್ದದ್ದು ನಾನು. ಹೋಗಿ ಮಗುವೇ ಕಳ್ಳಿ ಅಂತ ಗಟ್ಟಿ ಮಾಡಿ ಬಂದೆ. ಕೂಲಿ ಬೇರೆ ತಂದೆ.

ಹೂವು ಸ್ಟೀಲ್ ಲೋಟದಲ್ಲಿ ಬಚ್ಚಲಲ್ಲಿದೆ. ದೇವರ ಮುಂದಿಡುವ ಧೈರ್ಯವಿಲ್ಲ.

ಜೂನ್ 30, ಸೋಮವಾರ

ಬೆಳಿಗ್ಗೆ ಕಿಟಕಿಯಿಂದ ನೋಡಿದೆ. ಅಮೂಲ್ಯ ಮೂಲೆಮನೆ ದಾರಿ ಬಿಟ್ಟು, ಕೊಂಬಿನಿ ಅಂಗಡಿ ಸುತ್ತಿಕೊಂಡು ಸ್ಕೂಲಿಗೆ ಹೋದಳು. ಪುಟ್ಟ ಛತ್ರಿ, ಬೆನ್ನ ಮೇಲೆ ಅಷ್ಟು ದೊಡ್ಡ ಚೀಲ. ಇನ್ನು ತಡೆಯಲಾಗಲಿಲ್ಲ.

ಸಂಜೆ ಎಲ್ಲರೂ ಇರುವಾಗ ತಾರಾಳ ಹಾಸಿಗೆ ಪಕ್ಕ ನಿಂತು ಹೇಳಿದೆ. ಹೂವು ಕಿತ್ತವಳು ನಾನು. ಟೋಪಿಗೆ ಇಟ್ಟವಳು ನಾನು. ಅವತ್ತು ಒಲೆ ಮುಂದೆ ಸುಮ್ಮನಿದ್ದವಳೂ ನಾನು.

ತಾರಾ ಎದ್ದು ಕೂರಲು ಹೋದಳು. "ಅಮ್ಮಾ! ನಾನು ಮಗೂನ ಅಷ್ಟು ಬೈತಿದ್ರೆ..." ಅಮೂಲ್ಯಳನ್ನು ಹತ್ತಿರ ಎಳೆದುಕೊಂಡಳು. "ನೀನಾದ್ರೂ ಯಾಕೆ ಹೇಳ್ಲಿಲ್ಲ, ಪುಟ್ಟಾ?"

"ಅಜ್ಜಿಗೆ ಜಾಪನೀಸ್‌ನಲ್ಲಿ ಸಾರಿ ಹೇಳಕ್ಕೆ ಬರಲ್ಲ. ನಂಗ್ ಬರುತ್ತೆ. ಸೋ..."

ಸೆರಗು ಬಾಯಿಗೆ ಒತ್ತಿಕೊಂಡೆ. ಅಳುವ ಹಕ್ಕೂ ನನಗಿಲ್ಲ.

ಅಳಿಯ ಮೆಲ್ಲಗೆ ಅಂದರು, "ಅತ್ತೆ, ಬಿಡಿ. ಆ ಅಜ್ಜಿ ಮರೆತೇ ಬಿಟ್ಟಿರ್ತಾರೆ."

"ಅವ್ರು ಮರೀಬಹುದು. ನಿಮ್ಮ ಮಗಳು ದಾರಿ ಬದಲಾಯಿಸವ್ಳೆ."

ಅಳಿಯ ಎದ್ದರು. ಆಮೇಲೆ ಶೂ ಹಾಕಿಕೊಂಡರು. ನಾನೂ ಬರುತ್ತೇನೆ ಅಂದೆ. ಬೇಡ, ಇಲ್ಲಿ ಹಾಗೆ ನುಗ್ಗಬಾರದಂತೆ. ಮೊದಲು ತಾವು ಹೋಗಿ ನಡೆದದ್ದು ತಿಳಿಸಿ, ಅತ್ತೆ ಬಂದು ಬಾಗಿಲಲ್ಲಿ ನಿಲ್ಲಬಹುದೇ ಅಂತ ಕೇಳುತ್ತಾರಂತೆ. ಅವರು ಹೂಂ ಅಂದರೆ ನಾನು.

ಲಿಫ್ಟಿನ ತನಕ ಹಿಂದೆ ಹೋದೆ. ಬಾಗಿಲು ಮುಚ್ಚುವಾಗ ಕೈ ಅಡ್ಡ ಹಿಡಿದು ಹೇಳಿದೆ, "ಅಳಿಯಂದ್ರೇ, ಅವ್ರು ಬೈದ್ರೆ ಬೈದಂಗೇ ಬಂದು ಹೇಳಿ. ನಂಗೆ ನೋವಾಗುತ್ತೆ ಅಂತ ಸಿಹಿ ಬೆರೆಸ್ಬೇಡಿ. ಅವ್ರ ಉತ್ತರ ಎಷ್ಟಿದ್ಯೋ ಅಷ್ಟನ್ನೂ ತಂದು ಕೊಡಿ." ಹೂಂ ಅಂದರು, ನಾನು ಕೈ ತೆಗೆದೆ.