ರಂಗಭೂಮಿ ಅಂದ್ರೆ ನಾಟಕ ಕಣವ್ವಾ

ಅವ್ವಾ,
ಕುರಿಮರಿಗೆ ಹಾಲು ಕುಡಿಸೀನಿ, ನೀನು ಮತ್ತೆ ಕುಡಿಸಬ್ಯಾಡ, ಹೊಟ್ಟೆ ಉಬ್ತೈತೆ. ನನ್ನ ಮುದ್ದೆ ಹಂಗೇ ಮುಚ್ಚಿಟ್ಟೀನಿ, ಉಣ್ಣಲಿಲ್ಲ ಅಂತ ಬೈಬ್ಯಾಡ.

ಹಿರಿಯೂರು ಕಾಲೇಜಿಗೆ ಹೊಂಟೆ. ಯಾವ ವಿಷಯ ತಗೊಳ್ತೀನಿ ಅಂತ ಇವತ್ತೇ ಹೇಳ್ಬೇಕು. ಅಪ್ಪಯ್ಯ ‘ಫಿಟ್ನೆಸ್ ತಗೋ, ಪೊಲೀಸ್ ಆಗ್ತೀಯ’ ಅಂತಾನೆ. ಪಕ್ಕದ್ಮನೆ ರಂಗೇಶಣ್ಣ ಸಮಾಜಶಾಸ್ತ್ರ ಅಂತಾನೆ. ಸಾಹಿತ್ಯ ತಗೊಂಡ್ರೆ ಯಾರೂ ಬಯ್ಯಲ್ಲ. ಆದ್ರೆ ನಾನು ರಂಗಭೂಮಿ ಅಂತ ಹೇಳ್ತೀನಿ. ನಾಟಕ ಕಣವ್ವಾ.

ಅಪ್ಪಯ್ಯಂಗೆ ನೀನೇ ಹೇಳು, ಉಂಡಾದ ಮ್ಯಾಲೆ ಹೇಳು. ರೇಗಾಡಿದ್ರೆ ಫೋನ್ ಮಾಡು, ಸಂಜೆ ಬಸ್ಸಿಂದ ನಮ್ಮ ಬಬ್ಬೂರಲ್ಲಿ ಇಳಿಯಲ್ಲ, ಸೀದಾ ಜಯತ್ತೆ ಮನೆಗೆ ಹೋಗ್ತೀನಿ.

ನಾನು ಅತ್ತಾಗೆಲ್ಲ ‘ನಾಟಕ ಮಾಡಬ್ಯಾಡ ಕಣೇ’ ಅಂತೀಯಲ್ಲ? ಇದನ್ನ ಬರೆಯೋಕೆ ಮೂರು ಹಾಳೆ ಹರಿದು ಹಾಕೀನಿ, ಒಲೆ ಪಕ್ಕ ನೋಡು. ಇದು ನಾಟಕ ಅಲ್ಲವ್ವಾ.

ರಂಜಿತಾ