ಏನು ತಿಂದು ಬಂದರು ಅನ್ನುವ ಕಾಲಂ

ತೇಲೂರು
ಮಿಕ್ಕ ದಿನ, ಇಸವಿ 2319

ಮಂದಾಕಿನಿ ಅಕ್ಕೋರಿಗೆ ಅಡಿಗೆಯ ಜಟ್ಟಪ್ಪನ ನಮಸ್ಕಾರ.

ಮೇಲಿನ ತಾರೀಖು ನೋಡಿ ಯಾರೋ ಹುಚ್ಚ ಅಂದುಕೊಳ್ಳಬೇಡಿ. ನಮ್ಮಲ್ಲಿ ತಿಂಗಳಿಗೆ ಇಪ್ಪತ್ತೆಂಟೇ ದಿನ, ವರ್ಷಕ್ಕೆ ಹದಿಮೂರು ತಿಂಗಳು. ಗುಣಿಸಿದರೆ ವರ್ಷದಲ್ಲಿ ಒಂದು ದಿನ ಯಾರಿಗೂ ಸೇರದೆ ಉಳಿಯುತ್ತದೆ. ಅದಕ್ಕೆ ಮಿಕ್ಕ ದಿನ ಅನ್ನುತ್ತೇವೆ. ಅವತ್ತು ಯಾರೂ ಕೆಲಸ ಮಾಡುವುದಿಲ್ಲ. ತೀರಿಹೋದ ಒಬ್ಬರಿಗೆ ಹೇಳದೆ ಉಳಿದ ಮಾತನ್ನು ಕಾಗದದಲ್ಲಿ ಬರೆದು ನೀರಿಗೆ ಬಿಡುವುದು ನಮ್ಮ ಪದ್ಧತಿ. ಎಲ್ಲರೂ ಅವರವರ ಅಜ್ಜಿಗೋ ಅಪ್ಪನಿಗೋ ಬರೆಯುತ್ತಾರೆ. ನಾನು ಸುಮಾರು ಇನ್ನೂರ ತೊಂಬತ್ತು ವರ್ಷ ಹಿಂದಿನ ನಿಮಗೆ ಬರೆಯುತ್ತಿದ್ದೇನೆ. ನನ್ನ ಕೆಲವು ಮಾತು ನಿಮಗೆ ವಿಚಿತ್ರ ಅನಿಸಿದರೆ ಕ್ಷಮಿಸಿ. ಶಾಲೆಗೆ ಹೋದದ್ದು ನಾಲ್ಕೇ ವರ್ಷ. ಐದನೆಯ ವರ್ಷ ನಮ್ಮ ಮೇಷ್ಟ್ರು, ಈ ಹುಡುಗನಿಗೆ ಪಾಠ ಹೇಳುವುದಕ್ಕಿಂತ ಇವನ ಕೈಯಡುಗೆ ತಿನ್ನುವುದು ಮೇಲು ಎಂದು ಅಡಿಗೆಮನೆಗೆ ಕಳಿಸಿದರು. ಅವರು ತಿಂದರು, ನಾನು ಉಳಿದೆ.

ನೀವು ಓಡಾಡಿದ ಕರಾವಳಿ ಈಗ ನಮ್ಮ ಕಾಲಡಿ ಇದೆ, ಹನ್ನೆರಡು ಮಾರು ನೀರಿನ ಕೆಳಗೆ. ನಾವು ಅದರ ಮೇಲೆ ತೇಲುತ್ತೇವೆ. ನಲವತ್ತು ದೊಡ್ಡ ತೆಪ್ಪಗಳನ್ನು ಹಗ್ಗದಲ್ಲಿ ಬಿಗಿದರೆ ಅದೇ ತೇಲೂರು. ಮಳೆಗಾಲದಲ್ಲಿ ಹಗ್ಗ ಸಡಿಲಿಸಿದಾಗ ತೆಪ್ಪಗಳು ಜಾಗ ಬದಲಿಸುತ್ತವೆ. ಜಗಳವಾಡಿ ಮಲಗಿದ ನೆರೆಯವರು ಬೆಳಿಗ್ಗೆ ಎದ್ದರೆ ಊರಿನ ಆಚೆ ತುದಿಯಲ್ಲಿರುತ್ತಾರೆ. ಅಡಿಗೆಮನೆ ಮಾತ್ರ ಯಾವಾಗಲೂ ನಡುವೆ ಇರುತ್ತದೆ. ಮುನ್ನೂರು ಜನಕ್ಕೆ ಅಲ್ಲೇ ಊಟ, ಅಲ್ಲೇ ಹರಟೆ. ಬಿಸಿಲನ್ನು ಕನ್ನಡಿಯಲ್ಲಿ ಹಿಡಿದು ಒಲೆ ಉರಿಸುತ್ತೇವೆ. ಮೋಡ ಬಂದರೆ ಸಾರು ತಡ, ಬೈಗುಳ ಬೇಗ.

ನಿಮ್ಮ ಪುಸ್ತಕ ನನ್ನ ಅಡಿಗೆಮನೆಯಲ್ಲೇ ಇತ್ತು ಎಂದರೆ ನೀವು ನಂಬಲಿಕ್ಕಿಲ್ಲ. ಪ್ಲಾಸ್ಟಿಕ್ ಸುತ್ತಿ, ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿಟ್ಟ ನಿಮ್ಮ ರಕ್ತಪರೀಕ್ಷೆ ಲ್ಯಾಬಿನ ಆ ದಪ್ಪ ರಿಜಿಸ್ಟರು ಯಾರ ಕೈಯಿಂದ ಯಾರ ಕೈಗೆ ಬಂತೋ ಗೊತ್ತಿಲ್ಲ. ನನ್ನ ಅಜ್ಜನ ಕಾಲದಿಂದ ಅದು ಉಪ್ಪಿನಕಾಯಿ ಭರಣಿಯ ಮುಚ್ಚಳದ ಮೇಲಿನ ಭಾರ. ಇಪ್ಪತ್ತು ವರ್ಷ ನಾನೂ ಅದನ್ನು ಎತ್ತಿ ಇಟ್ಟೆ, ಬಿಚ್ಚಿ ನೋಡಲಿಲ್ಲ. ಇದಕ್ಕೂ ಕ್ಷಮೆ ಇರಲಿ.

ಆಗಿದ್ದು ಇಷ್ಟು. ನಮ್ಮಲ್ಲಿ ಕೊಬ್ಬುಗಣ್ಣು ಎಂಬ ಯಂತ್ರವಿತ್ತು. ಮುಂಗೈ ಮೇಲಿಟ್ಟರೆ ರಕ್ತದೊಳಗಿನ ಕೆಟ್ಟ ಕೊಲೆಸ್ಟ್ರಾಲನ್ನು ನೇರವಾಗಿ ನೋಡಿ ಹೇಳುತ್ತಿತ್ತು. ಕಳೆದ ಹತ್ತನೇ ತಿಂಗಳು ಸಿಡಿಲು ಬಡಿದು ಅದು ಕುರುಡಾಯಿತು. ಉಳಿದದ್ದು ಒಂದು ಹಳೆಯ ಪೆಟ್ಟಿಗೆ. ಬೆರಳಿನಿಂದ ರಕ್ತ ತೆಗೆದು ಹಾಕಿದರೆ ಅದು ಮೂರೇ ಸಂಖ್ಯೆ ಕೊಡುತ್ತದೆ: ಒಟ್ಟು ಕೊಲೆಸ್ಟ್ರಾಲು, ಒಳ್ಳೆಯದು, ಮತ್ತು ನೀವು ಟ್ರೈಗ್ಲಿಸರೈಡು ಅನ್ನುವ ಎಣ್ಣೆಕೊಬ್ಬು. ಕೆಟ್ಟದ್ದು ಎಷ್ಟು ಎಂದು ಲೆಕ್ಕ ಹಾಕಿಯೇ ತಿಳಿಯಬೇಕು. ನಮ್ಮ ಪೆದ್ರು ಡಾಕ್ಟರ ಹತ್ತಿರ ಇದ್ದದ್ದು ಒಂದೇ ಸೂತ್ರ. ಒಟ್ಟಿನಿಂದ ಒಳ್ಳೆಯದನ್ನು ಕಳೆ, ಎಣ್ಣೆಕೊಬ್ಬಿನ ಐದರಲ್ಲೊಂದು ಪಾಲನ್ನೂ ಕಳೆ, ಉಳಿದದ್ದು ಕೆಟ್ಟದ್ದು.

ಅದೇ ಹೊತ್ತಿಗೆ ಸೂಜಿಮದ್ದಿನ ಪಟ್ಟಿ ಮಾಡಬೇಕಿತ್ತು. ಒಮ್ಮೆ ಚುಚ್ಚಿದರೆ ವರ್ಷವಿಡೀ ಕೆಟ್ಟದ್ದನ್ನು ಇಳಿಸುವ ಮದ್ದು ಅದು. ಮೂವತ್ತು ಇದ್ದವು. ಮನೆಯಲ್ಲಿ ಎದೆ ಒಡೆದು ಸತ್ತವರಿದ್ದು, ಕೆಟ್ಟದ್ದು ನೂರ ಮೂವತ್ತು ದಾಟಿದ್ದರೆ ಸೂಜಿ. ಮಿಕ್ಕಿದ್ದು ಮರುದಿನದ ದೋಣಿಯಲ್ಲಿ ನೆರೆಯ ಬಡಗಣ ತೇಲೂರಿಗೆ.

ನನ್ನನ್ನು ಸಾಕಿದವಳು ನನ್ನ ಅಕ್ಕ ಹೊನ್ನಮ್ಮ. ನಮ್ಮ ಅಪ್ಪ ಐವತ್ತೊಂದಕ್ಕೆ ಬಲೆ ಎಳೆಯುತ್ತಲೇ ಕುಸಿದ. ದೊಡ್ಡಣ್ಣ ನಲವತ್ತೊಂಬತ್ತಕ್ಕೆ. ಹೊನ್ನಕ್ಕನಿಗೆ ಈಗ ಐವತ್ತೆರಡು, ಏಣಿ ಹತ್ತಿದರೆ ಎದೆ ಹಿಡಿದು ನಿಲ್ಲುತ್ತಾಳೆ. ಅವಳ ಒಟ್ಟು ಇನ್ನೂರ ಮೂವತ್ತೆಂಟು, ಒಳ್ಳೆಯದು ನಲವತ್ತಾರು, ಎಣ್ಣೆಕೊಬ್ಬು ಮುನ್ನೂರ ತೊಂಬತ್ತು. ಐದರಿಂದ ಭಾಗಿಸಿ ಕಳೆದರೆ ಉಳಿದದ್ದು ನೂರ ಹದಿನಾಲ್ಕು. ಪಟ್ಟಿಯಲ್ಲಿ ಅವಳ ಹೆಸರಿಲ್ಲ.

"ಸಿಗ್ಲಿಲ್ಲ ಅಂದ್ರೆ ಸಿಗ್ಲಿಲ್ಲ ಮಾರಾಯ," ಅಂದಳು. "ನಿನ್ ಮುಖ ಯಾಕೆ ಹುಳಿ ಮಜ್ಜಿಗೆ ಕುಡ್ದಂಗೆ ಆಗಿದೆ? ಒಳ್ಳೆ ಸುದ್ದಿ ಅಲ್ವನಾ ಅದು?"

ಅವಳಿಗೆ ಒಳ್ಳೆಯ ಸುದ್ದಿ ಎಂದು ಅನಿಸಿರಲಿಲ್ಲ. ಹಗ್ಗ ಹೊಸೆಯುವ ಅವಳ ಕೈ ನಿಂತಿತ್ತು.

ನಾನು ಅಡಿಗೆಮನೆಗೆ ಬಂದೆ. ಏನೂ ತೋಚದಿದ್ದಾಗ ನಾನು ಉಪ್ಪಿನಕಾಯಿ ತಿರುವುತ್ತೇನೆ. ಡಬ್ಬಿ ಎತ್ತಿದಾಗ ತುಕ್ಕು ಹಿಡಿದ ತಳ ಕಳಚಿ ನಿಮ್ಮ ಪುಸ್ತಕ ಕಾಲ ಮೇಲೆ ಬಿತ್ತು. ಬಿಚ್ಚಿದೆ. ಪುಟ ತುಂಬ ಸಂಖ್ಯೆ. ಮೇಲಿನಿಂದ ಕೆಳಗೆ ನನಗೆ ಓದಲು ಆದದ್ದು ಒಂದೇ. ಏನು ತಿಂದು ಬಂದರು ಅನ್ನುವ ಕಾಲಂ. ಅಕ್ಕೋರೆ, ಅಡಿಗೆಯವನಿಗೆ ಅದಕ್ಕಿಂತ ಒಳ್ಳೆಯ ಪುರಾಣ ಯಾವುದಿದೆ? "ಏನೂ ಇಲ್ಲ. ಏನೂ ಇಲ್ಲ. ಇಡ್ಲಿ ಎರಡು. ಏನೂ ಇಲ್ಲ. ಬರೀ ಚಾ ಅಂದರು, ಮೀಸೆಯಲ್ಲಿ ಬನ್ಸಿನ ಚೂರು ಇತ್ತು." ನಾನು ಒಬ್ಬನೇ ನಕ್ಕೆ. ನಗುತ್ತಲೇ ಪಕ್ಕದ ಕಾಲಂಗಳಿಗೆ ಕಣ್ಣು ಹೋಯಿತು. ನೀವು ಪ್ರತಿಯೊಬ್ಬರಿಗೂ ಎರಡು ಲೆಕ್ಕ ಹಾಕಿದ್ದಿರಿ. ಒಂದು ಐದರಿಂದ. ಇನ್ನೊಂದು ಹಿಂಬದಿಯ ರಟ್ಟಿಗೆ ಅಂಟಿಸಿದ ಕೋಷ್ಟಕದಿಂದ. ಅದರಲ್ಲಿ ಭಾಗಿಸುವ ಸಂಖ್ಯೆ ಅವರವರ ಕೊಬ್ಬಿಗೆ ತಕ್ಕಂತೆ ಬೇರೆ. ಮೂರನೆಯ ಕಾಲಂನಲ್ಲಿ, ಕೆಲವರಿಗೆ ಮಾತ್ರ, ದೊಡ್ಡ ಊರಿಗೆ ಬಸ್ಸಿನಲ್ಲಿ ರಕ್ತ ಕಳಿಸಿ ನಿಜವಾಗಿ ಅಳೆಸಿದ್ದು. "ಏನೂ ಇಲ್ಲ" ಎಂದಿದ್ದ ಕಡೆ ಹೆಚ್ಚಾಗಿ ಎರಡೂ ಲೆಕ್ಕ ಅಣ್ಣತಮ್ಮಂದಿರ ಹಾಗೆ ಪಕ್ಕಪಕ್ಕ ನಿಂತಿದ್ದವು. ಇಡ್ಲಿ, ಬನ್ಸು, ಮದುವೆಮನೆ ಊಟ ಬಂದ ಕಡೆ ದೂರ ಸರಿದಿದ್ದವು. ಅಳೆದದ್ದು ಬಹಳ ಸಲ ಕೋಷ್ಟಕದ ಹತ್ತಿರವೇ ಇತ್ತು. ಎಣ್ಣೆಕೊಬ್ಬು ನಾನೂರು ದಾಟಿದ ಸಾಲುಗಳಲ್ಲಿ ನೀಲಿ ಅಕ್ಷರದಲ್ಲಿ ನೀವು ಬರೆದಿದ್ದಿರಿ: "ಇಲ್ಲಿ ನನ್ನ ಲೆಕ್ಕ ನಂಬಬೇಡಿ."

ಆ ಸಾಲನ್ನು ಎರಡು ಸಲ ಓದಿದೆ. ನಮ್ಮ ಕೊಬ್ಬುಗಣ್ಣು ಒಂದು ದಿನವೂ ಹಾಗೆ ಹೇಳಿರಲಿಲ್ಲ. ಕಣ್ಣಿಗೆ ಕಾಣದ್ದನ್ನು ಒಂದು ಕಳೆಯುವುದು, ಒಂದು ಭಾಗಿಸುವುದು, ಇಷ್ಟರಲ್ಲೇ ನಿಮ್ಮ ಕಾಲದವರು ಹಿಡಿದಿದ್ದರು. ಮುಚ್ಚಿದ ಪಾತ್ರೆಯ ಸದ್ದು ಕೇಳಿ ಅನ್ನ ಬೆಂದಿದೆ ಎಂದು ಹೇಳಿದ ಹಾಗೆ. ಅಷ್ಟು ದೊಡ್ಡ ವಿದ್ಯೆ ಕೈಯಲ್ಲಿದ್ದೂ, ಅದು ಎಲ್ಲಿ ಕೈಕೊಡುತ್ತದೆ ಎಂದು ಸಾವಿರದ ನೂರ ನಲವತ್ತು ಜನರ ಸಾಲು ಬರೆದು ಹುಡುಕಿದ್ದಿರಿ. ಹೀಗೆ ಮಾಡಿ ಎಂದು ಯಾರೂ ಹೇಳಿರಲಿಲ್ಲ ಎಂದು ಕಾಣುತ್ತದೆ, ಯಾಕೆಂದರೆ ಮೊದಲ ಪುಟದಲ್ಲಿ ನಿಮ್ಮ ಹೆಸರಿನ ಕೆಳಗೆ "ನನ್ನ ಸಮಾಧಾನಕ್ಕೆ" ಎಂದಷ್ಟೇ ಇದೆ.

ಆಮೇಲೆ ನನಗೆ ಉಂಡಿ ನೆನಪಾಯಿತು. ತೇಲೂರಿನಲ್ಲಿ ಹಸಿದವರ ರಕ್ತ ತೆಗೆಯುವ ಹಾಗಿಲ್ಲ, ಅದು ಪಾಪ. ಬೆರಳು ಚುಚ್ಚುವ ಮೊದಲು ಎಲ್ಲರ ಬಾಯಿಗೆ ತುಪ್ಪ ಸುರಿದ ಕಾಯಿ ಉಂಡಿ ಇಡಬೇಕು. ಇಡುವವನು ನಾನು. ಕೊಬ್ಬುಗಣ್ಣಿಗೆ ಅದರಿಂದ ಏನೂ ವ್ಯತ್ಯಾಸ ಆಗುತ್ತಿರಲಿಲ್ಲ. ನಿಮ್ಮ ಐದಕ್ಕೆ ಆಗುತ್ತದೆ: ತುಪ್ಪ ಎಣ್ಣೆಕೊಬ್ಬನ್ನು ಏರಿಸುತ್ತದೆ, ಐದರ ಲೆಕ್ಕ ಹೆಚ್ಚು ಕಳೆದು ಕೆಟ್ಟದ್ದನ್ನು ಕಡಿಮೆ ತೋರಿಸುತ್ತದೆ.

ಪುಸ್ತಕ ಎತ್ತಿಕೊಂಡು ಡಾಕ್ಟರ ತೆಪ್ಪಕ್ಕೆ ಓಡಿದೆ.

"ಉಪ್ಪಿನಕಾಯಿ ವಾಸ್ನೆ ಬರ್ತದಲ್ಲ ಮಾರಾಯ," ಅಂದರು ಪೆದ್ರು ಡಾಕ್ಟರು. "ಇದು ಪುಸ್ತಕವೋ, ಭರಣಿಯೋ?" ಆಮೇಲೆ ಹತ್ತು ಪುಟ ತಿರುವಿದರು. "ಜಟ್ಟು, ಅವತ್ತು ನಿನ್ನಕ್ಕ ಎಷ್ಟು ಉಂಡಿ ತಿಂದಿದ್ಲು?"

"ಮೂರು."

"ಎಲ್ರಿಗೂ ಒಂದಲ್ವನಾ?"

"ಅಕ್ಕ ಅಲ್ವಾ ಡಾಕ್ಟ್ರೆ."

ನಿಮ್ಮ ಕೋಷ್ಟಕ ಹಿಡಿದು ಅದೇ ಸಂಖ್ಯೆಗಳನ್ನು ಮತ್ತೆ ಲೆಕ್ಕ ಹಾಕಿದರು. ಐದರ ಬದಲು ಆರೂವರೆ ಬಂತು. ನೂರ ಮೂವತ್ತೆರಡು. "ನೂರ ಮೂವತ್ತರ ಗೆರೆ ದಾಟಿ ಎರಡೇ ಹೆಜ್ಜೆ ಇಟ್ಟಿದೆ," ಅಂದರು. "ಇಷ್ಟಕ್ಕೆ ನಾನು ನಂಬೋದಿಲ್ಲ. ದೋಣಿ ನಿಲ್ಸು. ನಾಳೆ ಬೆಳಿಗ್ಗೆ ಯಾರ ಬಾಯಿಗೂ ಏನೂ ಇಡ್ಬೇಡ."

ಮರುದಿನ ತೇಲೂರಿನ ಅಡಿಗೆಮನೆಯ ಕನ್ನಡಿಗಳಿಗೆ ಬಟ್ಟೆ ಮುಚ್ಚಿದ್ದು ನನ್ನ ಜೀವನದಲ್ಲಿ ಮೊದಲ ಸಲ. ಜನ ನನ್ನ ಏಳು ತಲೆಮಾರನ್ನು ನೆನೆದರು. ಹೊನ್ನಕ್ಕ ಸಾಲಿನಲ್ಲಿ ಮೊದಲು ನಿಂತಿದ್ದಳು. "ಹಸ್ಕೊಂಡು ಸಾಯೋದಾ, ಎದೆ ಒಡ್ದು ಸಾಯೋದಾ, ಒಂದು ಹೇಳಿಬಿಡಿ," ಅಂದಳು. ಒಟ್ಟು ಇನ್ನೂರ ಇಪ್ಪತ್ತಾರು, ಒಳ್ಳೆಯದು ನಲವತ್ತಾರು, ಎಣ್ಣೆಕೊಬ್ಬು ಇನ್ನೂರಕ್ಕೆ ಇಳಿದಿತ್ತು. ಐದರಿಂದ ನೂರ ನಲವತ್ತು. ಕೋಷ್ಟಕದಿಂದ ನೂರ ನಲವತ್ತಮೂರು. ಅಣ್ಣತಮ್ಮಂದಿರು ಒಟ್ಟಿಗೆ ನಿಂತರು. ಆ ಬೆಳಿಗ್ಗೆ ಗೆರೆಯ ಕೆಳಗಿದ್ದ ಎಂಟು ಜನ ಮೇಲೆ ಬಂದರು. ಎಂಟು ಜನಕ್ಕೂ ಸೂಜಿ ಸಿಕ್ಕಿತು. ಈಗ ಹೊನ್ನಕ್ಕ ಏಣಿ ನಿಧಾನ ಹತ್ತುತ್ತಾಳೆ, ನಾನು ಹಿಂದಿನಿಂದ ಹತ್ತಿದರೆ ಬೈಯುತ್ತಾಳೆ.

ನಾನು ಬರೆಯಬೇಕೆಂದಿದ್ದು ಇದಲ್ಲ, ಇನ್ನೊಂದಿದೆ. ಪುಸ್ತಕವನ್ನು ಈಗ ನಾನು ಸಾಲು ಸಾಲಾಗಿ ಓದುತ್ತಿದ್ದೇನೆ. ಕಟ್ಟಕಡೆಯ ಕಾಲಂ "ಡಾಕ್ಟರಿಗೆ ತೋರಿಸಿದರು". ಹೆಚ್ಚು ಬಂದವರನ್ನು ನೀವು ಬಿಟ್ಟಿಲ್ಲ. ತೋರಿಸುವವರೆಗೂ ಬೆನ್ನುಹತ್ತಿ, ಟಿಕ್ ಹಾಕಿದ್ದೀರಿ. ಒಂಬೈನೂರ ಇಪ್ಪತ್ತೆಂಟನೇ ಸಾಲಿನಲ್ಲಿ ನಿಮ್ಮದೇ ಹೆಸರಿದೆ. ಮಂದಾಕಿನಿ ನಾಯಕ, ನಲವತ್ತೊಂದು. ಐದರಿಂದ ನೂರ ತೊಂಬತ್ತಾರು, ಕೋಷ್ಟಕದಿಂದ ನೂರ ತೊಂಬತ್ತೆಂಟು. ಏನು ತಿಂದು ಬಂದರು: ಏನೂ ಇಲ್ಲ. ಕೊನೆಯ ಕಾಲಂ ಖಾಲಿ.

ಅದಾದ ಮೇಲೆ ಇನ್ನೂರ ಹನ್ನೆರಡು ಜನರ ಸಾಲುಗಳಿವೆ. ಹೆಚ್ಚು ಬಂದವರಿಗೆಲ್ಲ ಟಿಕ್ ಇದೆ. ಆಮೇಲೆ ಪುಟದ ನಡುವೆ ಬರಹ ನಿಂತಿದೆ. ಹೊಸ ಪುಸ್ತಕ ಶುರು ಮಾಡಿರಬೇಕು ಬಿಡು ಎಂದು ಹೊನ್ನಕ್ಕ ಹೇಳುತ್ತಾಳೆ. ಅರ್ಧ ಪುಟ ಖಾಲಿ ಇರುವಾಗ ಯಾರು ಹೊಸ ಪುಸ್ತಕ ಶುರು ಮಾಡುತ್ತಾರೆ ಎಂದು ನಾನು ಕೇಳಲಿಲ್ಲ.

ನಿಮ್ಮ ಸಾಲಿನ ಆ ಖಾಲಿ ಕಾಲಂನಲ್ಲಿ ಟಿಕ್ ಹಾಕಲು ನನ್ನ ಕೈ ಹೋಗಿತ್ತು. ಹಾಕಲಿಲ್ಲ. ಆ ಪುಸ್ತಕದಲ್ಲಿ ಸುಳ್ಳಿಗೆ ಜಾಗವಿಲ್ಲ, ಬನ್ಸಿನ ಚೂರನ್ನೂ ನೀವು ಬಿಟ್ಟಿಲ್ಲ.

ನೀರಿಗೆ ಬಿಟ್ಟ ಕಾಗದ ಹಿಂದಿನ ವರ್ಷಗಳಿಗೆ ಹೋಗುವುದಿಲ್ಲ ಎಂದು ನನಗೂ ಗೊತ್ತು, ನಾಲ್ಕು ವರ್ಷದ ಶಾಲೆಯಲ್ಲಿ ಅಷ್ಟು ಹೇಳಿಕೊಟ್ಟಿದ್ದಾರೆ. ಆದರೆ ನಿಮ್ಮ ಊರು ಈ ನೀರಿನ ಕೆಳಗೇ ಇದೆ, ಕಾಗದ ಮುಳುಗಿದರೆ ನಿಮ್ಮ ಬಾಗಿಲಿಗೇ. ಸಿಕ್ಕರೆ ಒಂದು ಮಾತು ನಡೆಸಿಕೊಡಿ. ನಾಳೆ ಲ್ಯಾಬಿನ ಬೀಗ ತೆಗೆಯುವ ಮೊದಲು ಡಾಕ್ಟರ ಹತ್ತಿರ ಹೋಗಿ ಬನ್ನಿ. ಜನ ಕಾಯಲಿ. ಎರಡು ಲೆಕ್ಕವೂ ಒಂದೇ ಮಾತು ಹೇಳುತ್ತಿವೆ ಅಕ್ಕೋರೆ, ಇದನ್ನು ನಂಬಿ.

ಹೋಗಿ ಬಂದ ಮೇಲೆ ತಿನ್ನಿ ಎಂದು ಕಾಗದದ ಜೊತೆ ಒಂದು ಉಂಡಿ ಕಟ್ಟಿದ್ದೇನೆ. ತುಪ್ಪ ಹಾಕಿಲ್ಲ.

ನಿಮ್ಮ ಉಪ್ಪಿನಕಾಯಿಯವನು,
ಜಟ್ಟಪ್ಪ