ಮೆಟ್ರೋ ಗೇಟಿನ ಹಳದಿ ದುಪಟ್ಟಾ

ರೀ,

ಉಪ್ಪಿಟ್ಟು ಮುಚ್ಚಿಟ್ಟಿದ್ದೇನೆ, ಬಿಸಿ ಮಾಡಿಕೊಳ್ಳಿ. ಇಸ್ತ್ರಿ ಭಯ್ಯಾ ಬಂದರೆ ಬಟ್ಟೆ ಕೊಡಿ.

ಪರ್ಸ್ ಕಳೆದುಹೋಯಿತೆಂದು ಅತ್ತು, ಊರಿನ ಟಿಕೆಟ್ಟಿಗೆ ನಿಮ್ಮಿಂದ ದುಡ್ಡು ಈಸಿಕೊಂಡಳಲ್ಲ ಹಾಸನದ ಹುಡುಗಿ, ಅವಳಿನ್ನೂ ಜನಕಪುರಿ ಮೆಟ್ರೋ ಗೇಟಿನಲ್ಲೇ ಇದ್ದಾಳೆ. ನೀವು ಅಷ್ಟು ಚೆನ್ನಾಗಿ ಗಮನಿಸಿದ್ದ ಅದೇ ಹಳದಿ ದುಪಟ್ಟಾ. ನಿನ್ನೆ ಯಾರೋ ಅಂಕಲ್ ಮುಂದೆ ತಮಿಳಿನಲ್ಲಿ ಅಳುತ್ತಿದ್ದಳು. ಇನ್ನಾದರೂ ಈ ದೆಹಲಿಯಲ್ಲಿ ಕನ್ನಡ ಕಿವಿಗೆ ಬಿದ್ದ ತಕ್ಷಣ ಕರಗಬೇಡಿ. ಜೇಬಿಗೆ ಕೈ ಹಾಕುವ ಮೊದಲು ನನಗೆ ಫೋನ್ ಮಾಡಿ.

ದುಡ್ಡು ಹಾಳಾಗಲಿ. ಬೆಂಚಿನ ಮೇಲೆ ಕೂರಿಸಿ, ಚಹಾ ಕೊಡಿಸಿ, ನಿಮ್ಮ ಸ್ಕೂಲಿನ ಕಥೆಯನ್ನೆಲ್ಲ ಅವಳಿಗೆ ಹೇಳಿದಿರಲ್ಲ! ನನಗೆ ಮಾತ್ರ ಫೋನ್ ನೋಡುತ್ತಾ ಒಂದು "ಹೂಂ".

ಸಂಜೆ ನೀವು ಆಫೀಸಿನಿಂದ ಬರುವಾಗ ಅದೇ ಬೆಂಚಿನ ಮೇಲೆ ನಾನು ಕೂತಿರುತ್ತೇನೆ, ಹಳದಿ ಸೀರೆಯಲ್ಲಿ. ನನ್ನ ಪರ್ಸೂ ಕಳೆದಿರುತ್ತದೆ. ಯಾವ ಊರು ಅಂತ ನನ್ನನ್ನೂ ಕೇಳಿ.

ಧಾರಿಣಿ